ಮೆಟ್ಟಿಲಿಳಿದ ಗೊಂಬೆಗಳು

ಸೂಟು ತೊಟ್ಟ ಆ ಮಣ್ಣಿನ ಗೊಂಬೆಯ ಮೂಗು ಚಕ್ಕೆಯೆದ್ದಿದೆ. ಆದರೂ ಈ ದಸರೆಗೆ ನಮ್ಮ ಮನೆಯ ಗೊಂಬೆ ಮೆಟ್ಟಿಲುಗಳಲ್ಲಿ ಅವನನ್ನು ಪಟ್ಟದ ಗೊಂಬೆಗಳ ಪಕ್ಕದಲ್ಲೇ ನಿಲ್ಲಿಸಿದವನು ನಾನು, ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದ ಮನುಷ್ಯ. ಪ್ರತಿವರ್ಷ ಅದೇ ಮದುವೆ ದಿಬ್ಬಣ ಏಕೆಂದು ಹೆಂಡತಿಯನ್ನು ಕಾಡಿಬೇಡಿ ಈ ಸಲ 'ಜೀವವಿಕಾಸ' ಕೂರಿಸಿದೆ: ಕೆಳಗೆ ಮೀನು, ಅದರ ಮೇಲೆ ಕಪ್ಪೆ, ಮೊಸಳೆ, ಕೋತಿ, ತುದಿಯಲ್ಲಿ ಸೂಟಿನವನು. ಕೋತಿಯ ಮೇಲೊಂದು ಮೆಟ್ಟಿಲು ಖಾಲಿ ಉಳಿಯಿತು. ಹಳೆಯ ಪೆಟ್ಟಿಗೆಯಲ್ಲಿ ಕೈಗೆ ಸಿಕ್ಕಿದ, ತಲೆಯ ಮೇಲೆ ಬುಟ್ಟಿ ಹೊತ್ತ ಹಳ್ಳಿ ಹೆಂಗಸನ್ನು ಅಲ್ಲಿಟ್ಟು ಕೈ ಕೊಡವಿಕೊಂಡೆ.

ಬಂದವರೆಲ್ಲ ಮೆಚ್ಚಿದರು, ನಾನೂ ಬೀಗಿದೆ. ಒಂದು ಸಂಜೆ ಅರಿಶಿನ ಕುಂಕುಮಕ್ಕೆ ಪಕ್ಕದ ಮನೆಯ ಸವಿತಾ ಬಂದರು. ಬ್ಯಾಂಕಿನಲ್ಲಿ ಅಧಿಕಾರಿ, ತವರು ಕಡಕೊಳದ ಹತ್ತಿರ. ಬುಟ್ಟಿಯವಳನ್ನು ಕಂಡದ್ದೇ ಅವರ ಮುಖ ಅರಳಿತು. "ಅಯ್ಯೋ, ನಮ್ಮಜ್ಜಿ ಥೇಟ್ ಹಿಂಗೇ ಇದ್ರು ಸಾರ್! ಸೊಪ್ಪು ಹೊತ್ಕೊಂಡು ಸಂತೆಗೆ ಬಂದ್ಬುಡೋರು" ಎಂದು ಫೋಟೊಗೆ ಫೋನು ಎತ್ತಿದವರು ಕೆಳಗಿನ ಕೋತಿಯನ್ನು ನೋಡಿದರು, ಮೇಲಿನ ಸೂಟಿನವನನ್ನು ನೋಡಿದರು. ಫೋನು ಮೆಲ್ಲಗೆ ಚೀಲ ಸೇರಿತು. "ಬರ್ತೀನಿ ಸಾರ್" ಎಂದು ಹೊರಟೇಬಿಟ್ಟರು.

ನಾಚಿಕೆಯಿಂದ ನನ್ನ ಕಿವಿಯವರೆಗೂ ಬಿಸಿಯೇರಿತು, ಗೆಳೆಯರೇ. ವರ್ಷಗಟ್ಟಲೆ ನಾನು ಕಲಿಸಿದ ಪಾಠದಲ್ಲಿ ಮೆಟ್ಟಿಲೇ ಇಲ್ಲ. ಒಂದೇ ಹಕ್ಕಿಯ ಸಂತತಿ ಬೇರೆ ಬೇರೆ ದ್ವೀಪಗಳಲ್ಲಿ, ಅಲ್ಲಲ್ಲಿ ಸಿಗುವ ಕಾಳಿಗೆ ತಕ್ಕ ಕೊಕ್ಕು ಪಡೆದು ಕವಲೊಡೆಯುತ್ತದೆ. ಬಾವಲಿಯೂ ಗಿಣಿಯೂ ಬೇರೆ ಬೇರೆ ಹಾದಿಯಲ್ಲಿ ಬಂದು ಒಂದೇ ಆಕಾಶಕ್ಕೆ ರೆಕ್ಕೆ ಬಿಚ್ಚುತ್ತವೆ. ಕತ್ತಲ ಗುಹೆಯ ಮೀನು ತಲೆಮಾರುಗಳು ಕಳೆದಂತೆ ಕಣ್ಣನ್ನೇ ಬಿಟ್ಟುಕೊಡುತ್ತದೆ, ಅಲ್ಲಿ ಅದೇನೂ ಸೋಲಲ್ಲ. ಯಾವುದೂ ಇನ್ನೊಂದರ ಮೇಲಿಲ್ಲ. ಎಲ್ಲವೂ ತಂತಮ್ಮ ನೆಲೆಗೆ ಒಗ್ಗಿಕೊಂಡು ಬದುಕಿವೆ. ಉತ್ತರಪತ್ರಿಕೆಯಲ್ಲಿ ಹುಡುಗರು ಏಣಿ ಬರೆದರೆ ಸೊನ್ನೆ ಸುತ್ತುತ್ತಿದ್ದವನು ಮನೆಯಲ್ಲಿ ಏಣಿಯನ್ನೇ ಕೂರಿಸಿ, ಯಾರದೋ ಅಜ್ಜಿಯನ್ನು ಕೋತಿಗೂ ಕೋಟು ತೊಟ್ಟವನಿಗೂ ನಡುವೆ ನಿಲ್ಲಿಸಿದ್ದೆ. ಯೋಚಿಸಿ ಇಟ್ಟದ್ದಲ್ಲ, ಕೈ ತಾನಾಗಿ ಆ ಮೆಟ್ಟಿಲಿಗೆ ಹೋಯಿತಲ್ಲ, ಅದೇ ಇರಿಯುವುದು.

ಕೂರಿಸಿದ ಗೊಂಬೆಯನ್ನು ವಿಜಯದಶಮಿಗೆ ಮೊದಲು ಕದಲಿಸುವ ಪದ್ಧತಿ ನಮ್ಮಲ್ಲಿಲ್ಲ. "ಹಬ್ಬದ ಮಧ್ಯ ಎತ್ತುತ್ತಾರೇನ್ರೀ?" ಎಂದಳು ಹೆಂಡತಿ. "ಪಟ್ಟದ ಗೊಂಬೆ ಮುಟ್ಟಲ್ಲ ಕಣೆ" ಎಂದೆ. ಬೆಳಿಗ್ಗೆ ಉಳಿದವನ್ನೆಲ್ಲ ನೆಲಕ್ಕಿಳಿಸಿ, ರಂಗೋಲಿಯಲ್ಲಿ ಒಂದು ಬುಡ, ಹಲವು ಕವಲು ಎಳೆದು, ತುದಿಗೊಂದು ಪ್ರಾಣಿ ಇಟ್ಟೆ. ಮನುಷ್ಯರ ಕವಲಿನಲ್ಲಿ ಸೂಟಿನವನನ್ನೂ ಬುಟ್ಟಿಯವಳನ್ನೂ ಜೊತೆಗೆ ನಿಲ್ಲಿಸಿದಾಗ ಕಣ್ಣಿಗೆ ಬಿತ್ತು: ಬುಟ್ಟಿ ಬಿಟ್ಟು ಅಳೆದರೂ ಅವಳೇ ಎತ್ತರ. ಮೇಲಿದ್ದಾಗ ಯಾರಿಗೂ ಕಾಣದಿದ್ದ ಅವನ ಮೂಗಿನ ಚಕ್ಕೆ ಈಗ ಎದ್ದು ಕಾಣುತ್ತಿತ್ತು.

ಕಾಣಲಿ ಎಂದುಕೊಂಡು ಹೋಗಿ ಸವಿತಾರ ಮನೆಯ ಬೆಲ್ ಒತ್ತಿದೆ. ಒಳಗಿನಿಂದ ಹೆಜ್ಜೆ ಸದ್ದು ಬಂತು; "ತಪ್ಪಾಯ್ತಮ್ಮಾ, ಈಗ ಬಂದು ಫೋಟೊ ತೆಗೀರಿ" ಎನ್ನಲು ಬಾಯಿ ತೆರೆದೆ.