ಸೋಂದಾದಿಂದ ಎಕ್ಕಂಬಿಗೆ ಬಂದ ಕರೆಂಟ್ ಪೆಟ್ಟಿಗೆ

ಎಕ್ಕಂಬಿಯ ವಾಣಿಶ್ರೀ ಯಾರ ಮುಂದೆಯೂ ಕೈಚಾಚಿದವಳಲ್ಲ. ಏಳನೆಯ ತರಗತಿಗೇ ಶಾಲೆ ಬಿಡಿಸಿದಾಗ ಅವಳು ಅಳಲಿಲ್ಲ. ಮದುವೆಯಾಗಿ, ಮಕ್ಕಳಾಗಿ, ಮೂವತ್ತು ದಾಟಿದ ಮೇಲೆ ಸಂಜೆಯ ಬಸ್ಸಿನಲ್ಲಿ ಶಿರಸಿಗೆ ಹೋಗಿ ಓದಿ ಹತ್ತನೆಯ ತರಗತಿ ಪಾಸಾದಾಗ ಹಿಗ್ಗಲೂ ಇಲ್ಲ. “ನನಗ ಸೇರಬೇಕಾಗಿದ್ದ ಆಸ್ತಿ, ತಡಾ ಆಗಿ ಬಂತು” ಎಂದಷ್ಟೇ ಹೇಳಿದಳು. ಆಮೇಲೆ ಬೆರಳಚ್ಚು ಕಲಿತಳು. ಕಚೇರಿಯೊಂದು ಹರಾಜಿಗಿಟ್ಟಿದ್ದ ಹಳೆಯ ಕಂಪ್ಯೂಟರನ್ನೂ ಪ್ರಿಂಟರನ್ನೂ ಕೊಂಡು ತಂದು, ಮನೆಯ ಪಡಸಾಲೆಯಲ್ಲಿ ಭತ್ತದ ಚೀಲಗಳ ಪಕ್ಕದಲ್ಲಿ ಇರಿಸಿದಳು.

ಅದೇ ಪಡಸಾಲೆಗೆ ಪ್ರತಿ ಸಂಜೆ ಊರಿನ ಕೆಲವು ಹೆಂಗಸರು ಬರುತ್ತಿದ್ದರು. ಎಲ್ಲರೂ ಅವಳಂತೆಯೇ ಅರ್ಧಕ್ಕೆ ಶಾಲೆ ಬಿಟ್ಟವರು. ಈಗ ಖಾಸಗಿಯಾಗಿ ಹತ್ತನೆಯ ತರಗತಿಯ ಪರೀಕ್ಷೆಗೆ ಕಟ್ಟಿದವರು. ಅವರಲ್ಲಿ ಹಿರಿಯಳು ಶಾರದವ್ವ. ಮೊಮ್ಮಗ ಹತ್ತನೆಯ ತರಗತಿಗೆ ಬರುವುದರೊಳಗೆ ತಾನು ಪಾಸಾಗಿರಬೇಕೆಂಬುದು ಆಕೆಯ ಹಟ. ಪಠ್ಯಪುಸ್ತಕದ ಸಣ್ಣ ಅಕ್ಷರ ಅವರ ಕಣ್ಣಿಗೆ ನಿಲುಕುತ್ತಿರಲಿಲ್ಲ, ಉದ್ದುದ್ದ ವಾಕ್ಯ ತಲೆಗೆ ಹತ್ತುತ್ತಿರಲಿಲ್ಲ. ಹಾಗಾಗಿ ವಾಣಿಶ್ರೀ ಆ ಚಳಿಗಾಲದಿಂದಲೇ ಕುಳಿತು ಸಮಾಜ ವಿಜ್ಞಾನದ ಪಾಠಗಳನ್ನೆಲ್ಲ ತಿಳಿಯಾದ ಮಾತಿಗೆ ಇಳಿಸಿ, ದಪ್ಪಕ್ಷರದಲ್ಲಿ ಕಂಪ್ಯೂಟರಿಗೆ ಹಾಕತೊಡಗಿದಳು. ಕರಡು ಹಾಳೆಗಳು ಬಚ್ಚಲೊಲೆಗೆ ಹೋದವು. “ಎಲ್ಲಾ ಕಂಪ್ಯೂಟರಿನಾಗ ಅದಾವಲ್ಲ, ಮತ್ತ ಈ ಕಸಾ ಯಾಕ?” ಎಂದಿದ್ದಳು. ಮುದ್ರಣವನ್ನು ಕೊನೆಗೆ ಒಂದೇ ಬಾರಿಗೆ ಮಾಡುವುದೆಂದು ತೀರ್ಮಾನಿಸಿದ್ದಳು.

ಅವಳಿಗೆ ಎದುರಾಗಿ ನಿಂತದ್ದು ಊರಿನ ಕರೆಂಟು. ಬೇಸಗೆಯಲ್ಲಿ ಸಂಜೆಯಾದರೆ ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಗುಂಯ್‌ಗುಡುತ್ತಿದ್ದವು. ಬಲ್ಬು ಕುಂಕುಮದ ಬಣ್ಣಕ್ಕೆ ತಿರುಗುತ್ತಿತ್ತು. ಕಂಪ್ಯೂಟರು ಏಳುತ್ತಲೇ ಇರಲಿಲ್ಲ. ಒಂದು ದಿನ ಅದರ ಬೆನ್ನಿನಲ್ಲಿ, ಕರೆಂಟು ಒಳಗೆ ಹೋಗುವ ಪೆಟ್ಟಿಗೆಯ ಮೇಲೆ, ಒಂದು ಪುಟ್ಟ ಕೆಂಪು ಸ್ವಿಚ್ಚನ್ನು ಅವಳು ಕಂಡಳು. ಒಂದು ಬದಿಗೆ ೨೩೦ ಎಂದೂ ಇನ್ನೊಂದು ಬದಿಗೆ ೧೧೫ ಎಂದೂ ಬರೆದಿತ್ತು. ನಮ್ಮ ಕರೆಂಟು ಅರ್ಧಕ್ಕೆ ಇಳಿದಿರುವಾಗ ಸ್ವಿಚ್ಚನ್ನೂ ಅರ್ಧಕ್ಕೆ ಇಳಿಸುವುದೇ ನ್ಯಾಯವಲ್ಲವೇ? ಹೇರ್‌ಪಿನ್ನಿನಿಂದ ಅದನ್ನು ಸರಿಸಿದಳು. ಕಂಪ್ಯೂಟರು ಎದ್ದಿತು! ಅಂದಿನಿಂದ ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಸ್ವಿಚ್ಚು ಇಳಿಸುವುದು, ಬೆಳಿಗ್ಗೆ ಕಸ ಗುಡಿಸಿದ ಮೇಲೆ ಏರಿಸುವುದು ಅವಳ ವ್ರತವಾಯಿತು. ತನ್ನ ಜಾಣತನಕ್ಕೆ ತಾನೇ ಮನಸ್ಸಿನೊಳಗೆ ಶಹಭಾಸ್ ಅಂದುಕೊಂಡಳು.

ಯುಗಾದಿ ಹತ್ತಿರವಾಗಿತ್ತು; ಮರುವಾರವೇ ಪರೀಕ್ಷೆ. ಕೊನೆಯ ಪಾಠ ಟೈಪು ಮಾಡುತ್ತಿದ್ದ ಸಂಜೆ, ಯಾರೂ ಎಣಿಸದ ಹೊತ್ತಿನಲ್ಲಿ ವರ್ಷದ ಮೊದಲ ಮಳೆ ಸುರಿಯಿತು. ಊರೆಲ್ಲ ಅಂಗಳಕ್ಕೆ ಇಳಿದು ನಕ್ಕಿತು. ಮಳೆ ಬಂದ ಮೇಲೆ ಹೊಲಕ್ಕೆ ನೀರೇಕೆ ಎಂದು ರೈತರೆಲ್ಲ ಪಂಪು ನಿಲ್ಲಿಸಿದರು. ಕುಂಕುಮದಂತಿದ್ದ ಬಲ್ಬು ಒಮ್ಮೆಲೇ ಹಾಲಿನಂತೆ ಬೆಳಗಿತು. ಅದರ ಹಿಂದೆಯೇ ಢಂ ಎಂಬ ಸದ್ದು, ಸುಟ್ಟ ವಾಸನೆ, ಎಳೆಯಾಗಿ ಹೊಗೆ.

“ಅಕ್ಕೋರ, ಯುಗಾದಿಗೆ ಮೊದಲ ದೀಪಾವಳಿ ಮಾಡಿದಿರಲ್ರಿ!” ಎಂದು ನಗುತ್ತ ಬಾಗಿಲಿಗೆ ಬಂದ ಶಾರದವ್ವ ವಾಣಿಶ್ರೀಯ ಮುಖ ನೋಡಿ ಒಳಗೆ ಬಂದಳು. ಮೆಲ್ಲಗೆ ಕೇಳಿದಳು: “ಪಾಠ ಅದಾವಿಲ್ರಿ?”

“ನಾಳಿ ಹೇಳ್ತೀನಿ” ಎಂದಳು ವಾಣಿಶ್ರೀ. ಕಪ್ಪಾದ ಗೋಡೆಯನ್ನು ಒರೆಸತೊಡಗಿದಳು.

ಮರುದಿನ ಶಿರಸಿಯ ಕಂಪ್ಯೂಟರ್ ಅಂಗಡಿಯವನು, ಅವಳು ಬಿಚ್ಚಿ ತಂದಿದ್ದ ಕರೆಂಟ್ ಪೆಟ್ಟಿಗೆಯನ್ನು ಮೂಸಿ ನೋಡಿದ. “ಅಕ್ಕಾ, ಇದೊಂದು ಹೋಗಿದೆ. ಉಳಿದದ್ದು ಬದುಕಿದೆಯೋ ಇಲ್ಲವೋ, ಬೇರೆ ಪೆಟ್ಟಿಗೆ ಹಾಕಿದ ಮೇಲೇ ಗೊತ್ತಾಗಬೇಕು. ಆದರೆ ಇದು ಹಳೇ ನಮೂನೆ, ಹುಬ್ಬಳ್ಳಿಯಿಂದ ತರಿಸಬೇಕು. ಯುಗಾದಿ ಕಳೀಲಿ.”

“ಪರೀಕ್ಷಾ ಯುಗಾದಿ ಕಾಯೂದಿಲ್ಲಪಾ.”

“ಹಾಗಾದ್ರೆ ಸೋಂದಾಕ್ಕೆ ಹೋಗಿ. ಜಾತಕದ ರಘುಪತಿ ಹೆಗಡೇರ ಮನೇಲಿ ಇಂಥದೇ ಮಷಿನ್ನಿದೆ. ಕೇಳಿ ನೋಡಿ.”

ಕೇಳುವುದೆಂಬ ಮಾತೇ ಅವಳಿಗೆ ಕಹಿ. ಆದರೂ ಸೋಂದಾದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವಳ ಕಣ್ಣಮುಂದೆ ಇದ್ದದ್ದು ಶಾರದವ್ವನ ಮುಖ.

ರಘುಪತಿ ಹೆಗಡೆಯವರು ಕಂಪ್ಯೂಟರಿನಲ್ಲಿ ಜಾತಕ ಹಾಕಿಕೊಡುವವರು. ಜಗಲಿಯಲ್ಲಿ ಕುಳಿತು ಅವಳ ಮಾತನ್ನೆಲ್ಲ ಕೇಳಿಸಿಕೊಂಡರು. ಕೊನೆಗೆ, “ಸುಟ್ಟದ್ದು ಹೇಗೆ?” ಎಂದರು.

ಸಿಡಿಲು ಬಡಿಯಿತು ಎಂದರೆ ಮುಗಿದುಹೋಗುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಇನ್ನೊಬ್ಬರ ವಸ್ತುವನ್ನು ಒಯ್ಯಬಂದವಳು ಅದಕ್ಕೆ ಬರಬಹುದಾದ ಗಂಡಾಂತರವನ್ನು ಮುಚ್ಚಿಡಬಾರದು. “ನಾನ ಸುಟ್ಟೀನ್ರಿ. ಕರೆಂಟ್ ಕಮ್ಮಿ ಇತ್ತಂತ ಕೆಂಪು ಸ್ವಿಚ್ ಸರಿಸಿದ್ದೆ” ಎಂದು ತಲೆ ಎತ್ತಿಯೇ ಹೇಳಿದಳು.

ಹೆಗಡೆಯವರು ಕೆಮ್ಮಿದರು. ಒಳಗಿನಿಂದ ಅವರ ಹೆಂಡತಿ ಸೀತಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಬಂದರು. “ಅಂತೂ ಇವರಿಗೊಬ್ಬರು ಜೊತೆ ಸಿಕ್ಕಿದರು! ನಮ್ಮನೇ ಮೊದಲನೇ ಪೆಟ್ಟಿಗೆ ಸುಟ್ಟದ್ದೂ ಹೀಗೇ.”

“ಅದ್ನೆಂತಕ್ಕೆ ಈಗ ಹೇಳ್ತೆ ಮಾರಾಯ್ತಿ?”

“ಊರಿಗೆಲ್ಲ ಜಾತ್ಕ ನೋಡ್ತ, ತಮ್ಮ ಪೆಟ್ಟಿಗೆದೊಂದು ನೋಡಿದ್ವಿಲ್ಲೆ!” ಎಂದು ಗಂಡನಿಗೆ ಹೇಳಿ, ಸೀತಮ್ಮ ವಾಣಿಶ್ರೀಯ ಕಡೆ ತಿರುಗಿದರು. “ಎರಡನೇದು ಬಂದ ದಿನವೇ ಹಲಸಿನ ಮೇಣ ಕಾಯಿಸಿ ಆ ಸ್ವಿಚ್ಚಿನ ಮೇಲೆ ಮೆತ್ತಿದೆ. ಇನ್ನು ಇವರಪ್ಪ ಬಂದರೂ ಸರಿಯೂದಿಲ್ಲ.”

ವಾಣಿಶ್ರೀಗೂ ನಗು ಬಂತು. ಎದೆಯ ಮೇಲಿದ್ದ ಕಲ್ಲು ಅರ್ಧ ಇಳಿದಂತಾಯಿತು. ಹೆಗಡೆಯವರು ತಿರುಪುಳಿ ಹಿಡಿದು ತಮ್ಮ ಕಂಪ್ಯೂಟರನ್ನು ಬಿಚ್ಚತೊಡಗಿದರು. ಅವಳು ಸೆರಗಿನ ಗಂಟು ಬಿಚ್ಚಿ ದುಡ್ಡನ್ನು ಮೇಜಿನ ಮೇಲಿಟ್ಟಳು. “ತಿರುಗಿ ತಂದು ಕೊಡೂತನಕ ಇದು ನಿಮ್ಮ ಹತ್ರ ಇರಲಿ. ನಾ ಸುಮ್ಮನ ಇಸ್ಕೊಳ್ಳಾಕಿ ಅಲ್ರಿ.”

ಹೆಗಡೆಯವರ ಕೈ ನಿಂತಿತು. “ಎತ್ತಿಕೊಳ್ಳಿ ಅದನ್ನ. ಇದು ಮುಯ್ಯಾಳು. ಮುಯ್ಯಾಳಿಗೆ ದುಡ್ಡಿಲ್ಲ.”

ಒಂದು ಮನೆಯ ಕೊಯ್ಲಿಗೆ ಇನ್ನೊಂದು ಮನೆಯವರು ಬಂದು ದುಡಿಯುವುದು, ಅವರ ಸರದಿ ಬಂದಾಗ ಇವರು ಹೋಗುವುದು. ನಡುವೆ ಕೂಲಿಯ ಮಾತಿಲ್ಲ. ಈ ಕಟ್ಟಳೆ ವಾಣಿಶ್ರೀಗೂ ಗೊತ್ತಿದ್ದದ್ದೇ. ಮುಯ್ಯಾಳು ಕರೆಯುವವನು ಬೇಡುವವನಲ್ಲ, ಹೋಗುವವನು ದಾನಿಯೂ ಅಲ್ಲ. ಅವಳು ದುಡ್ಡನ್ನು ಎತ್ತಿಕೊಂಡಳು. ಮಾನ ಕಳೆಯದೆ ಕೊಡುವುದನ್ನು ಬಲ್ಲವರು ಇಲ್ಲಿದ್ದಾರೆ ಎಂದುಕೊಂಡಳು.

“ಹಾಕುವಾಗ ಪೆಟ್ಟಿಗೆಯಿಂದ ಬರುವ ಎರಡೂ ಗೊಂಚಲಿನ ಕಪ್ಪು ವಾಯರು ನಡುವೆ ಅಕ್ಕಪಕ್ಕ ಬರಬೇಕು. ತಪ್ಪಿದರೆ ಆಮೇಲೆ ನನಗೆ ಜಾತಕವೂ ಇಲ್ಲ, ನಿಮಗೆ ಸಮಾಜವೂ ಇಲ್ಲ” ಎಂದರು ಹೆಗಡೆ.

ಟವೆಲ್ಲಿನಲ್ಲಿ ಸುತ್ತಿದ ಪೆಟ್ಟಿಗೆಯನ್ನು ಮಡಿಲಲ್ಲಿ ಹಿಡಿದು, ಬಾಣಂತನ ಮುಗಿಸಿ ಕೂಸನ್ನು ತರುವವಳಂತೆ ಅವಳು ಎಕ್ಕಂಬಿಗೆ ಬಂದಳು. ಆ ಸಂಜೆ ಕರೆಂಟು ಮತ್ತೆ ಕುಂಕುಮವಾಗಿತ್ತು. ಹೆಗಡೆ ಹೇಳಿದಂತೆ ಪೆಟ್ಟಿಗೆಯನ್ನು ಜೋಡಿಸಿ, ಮೇಣ ಮೆತ್ತಿದ ಸ್ವಿಚ್ಚಿನ ಮೇಲೆ ಬೆರಳಾಡಿಸಿ, ಕಾದಳು. ಬೆಳಿಗ್ಗೆ ಬಲ್ಬು ಬೆಳ್ಳಗಾದ ಮೇಲೆ ಗುಂಡಿ ಒತ್ತಿದಳು. ಒಳಗಿನ ಪಂಖ ತಿರುಗಿತು. ಪರದೆಯ ಮೇಲೆ ಅಕ್ಷರ ಮೂಡಿತು. ಸುತ್ತ ನಿಂತಿದ್ದ ಹೆಂಗಸರು ಪರದೆಯತ್ತ ಬಗ್ಗಿದರು.

“ಬಂದ್ವೇನ್ರಿ ಅಕ್ಕೋರ?”

“ಎಲ್ಲಾ ಅದಾವು.”

“ಹಂಗಾರ ಇನ್ನ ಓದಲಿಕ್ಕ ಬೇಕನ್ರಿ!” ಎಂದು ಶಾರದವ್ವ ನಿಟ್ಟುಸಿರಿಟ್ಟಳು. ಎಲ್ಲರೂ ನಕ್ಕರು. ಪ್ರಿಂಟರು ಕರಕರ ಎನ್ನುತ್ತ ದಪ್ಪಕ್ಷರದ ಹಾಳೆಗಳನ್ನು ಹೊರಹಾಕತೊಡಗಿತು. ವಾಣಿಶ್ರೀ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಯಾರೂ ನೋಡಲಿಲ್ಲವೆಂದು ಅವಳು ಭಾವಿಸಿದಳು.

ಪರೀಕ್ಷೆ ಮುಗಿಯಿತು. ಗಣಿತದಲ್ಲಿ ಕೆಲವರು ಬಿದ್ದರು. ಸಮಾಜ ವಿಜ್ಞಾನದಲ್ಲಿ ಒಬ್ಬರೂ ಬೀಳಲಿಲ್ಲ. ಶಾರದವ್ವ ಎಲ್ಲದರಲ್ಲಿಯೂ ಪಾಸಾಗಿ ಊರಿಗೆಲ್ಲ ಸಕ್ಕರೆ ಹಂಚಿದಳು. ಆದರೆ ಅಷ್ಟು ದಿನ ವಾಣಿಶ್ರೀ ಕಾದಿರಲಿಲ್ಲ. ಕೊನೆಯ ಪರೀಕ್ಷೆಯ ಮರುದಿನವೇ ಪೆಟ್ಟಿಗೆಯೊಡನೆ ಸೋಂದಾಕ್ಕೆ ಹೋಗಿದ್ದಳು. ಅದುವರೆಗೆ ಜಾತಕಕ್ಕೆಂದು ಬಂದವರಿಗೆಲ್ಲ ಹೆಗಡೆಯವರು, “ಗ್ರಹಗಳು ಎಕ್ಕಂಬಿಗೆ ಹೋಗಿವೆ, ಬಂದ ಮೇಲೆ ಬನ್ನಿ” ಎಂದು ಹೇಳಿ ಕಳಿಸಿದ್ದರಂತೆ.

“ಮುಯ್ಯಾಳು ತೀರಿಸಾಕ ಬಂದೀನ್ರಿ. ಏನು ಟೈಪ್ ಮಾಡಬೇಕು ಹೇಳ್ರಿ” ಎಂದಳು ವಾಣಿಶ್ರೀ.

ಹೆಗಡೆಯವರು ಬಾಯಿ ತೆರೆಯುವ ಮೊದಲೇ ಸೀತಮ್ಮ, ಅಂದಿನ ಜೋರು ಒಂದಿಷ್ಟೂ ಇಲ್ಲದ ದನಿಯಲ್ಲಿ ಹೇಳಿದರು: “ನಂಗೆ ಆ ಪಾಠದ್ದೊಂದು ಪ್ರತಿ ಕೊಡಲಕ್ಕಾ? ನಾನೂ ಏಳಕ್ಕೇ ಬಿಟ್ಟವಳು.”

ವಾಣಿಶ್ರೀ ಅವರನ್ನು ದಿಟ್ಟಿಸಿ ನೋಡಿದಳು. “ಬರೇ ಪ್ರತಿ ಕೊಟ್ಟರ ಮುಯ್ಯಿ ತೀರೂದಿಲ್ರಿ. ಐತವಾರ ನಾನ ಬರ್ತೀನಿ. ಆದರ ಓದದಿದ್ದರ ಬಯ್ತೀನಿ.”

“ಅಡ್ಡಿಲ್ಲೆ, ಈ ಮನೇಲಿ ಬೈಸಿಕೊಳ್ಳೂದು ನಾನೊಬ್ಬನೇ ಆಗಿದ್ದೆ” ಎಂದರು ಹೆಗಡೆ.

ಹಾಗೆ ಭಾನುವಾರಗಳು ಮೊದಲಾದವು. ಹುಬ್ಬಳ್ಳಿಯಿಂದ ಅವಳ ಹೊಸ ಪೆಟ್ಟಿಗೆ ಬಂದಾಗ ವಾಣಿಶ್ರೀ ಅದನ್ನು ನೇರವಾಗಿ ಮನೆಗೆ ಒಯ್ಯಲಿಲ್ಲ. ಸೋಂದಾಕ್ಕೆ ತಂದು ಸೀತಮ್ಮನ ಮುಂದಿಟ್ಟು, “ಮೇಣ ಹಚ್ಚಿ ಕೊಡ್ರಿ” ಎಂದು ಕೇಳಿದಳು. ಹುಟ್ಟಿದಂದಿನಿಂದ ಕೈಚಾಚದವಳಿಗೆ ಆ ಕೇಳಿಕೆ ಅಂದು ಎಳ್ಳಷ್ಟೂ ಕಹಿಯೆನಿಸಲಿಲ್ಲ.