ಕಲೆ ತೆಗೆಯುವವಳ ಕುರ್ಚಿ

ಜವಳಿ ಅಂಗಡಿಯವನ ಕಣ್ಣಿಗೆ ಮನುಷ್ಯರೂ ಬಟ್ಟೆಯ ಹಾಗೆಯೇ ಕಾಣುತ್ತಾರೆ. ನೂಲು ಎಂಥದ್ದು, ಅಂಚು ಗಟ್ಟಿಯೋ, ಒಗೆದರೆ ಬಣ್ಣ ನಿಲ್ಲುತ್ತದೋ ಎಂದು ನೋಡುವುದು ನನ್ನ ಚಾಳಿ. ಆ ಲೆಕ್ಕದಲ್ಲಿ ಲಾಂಡ್ರಿಯ ಅಕ್ಕ ಒರಟು ನೂಲಿನ ಬಾಳಿಕೆಯ ಮಾಲು. ಹೊಳಪಿಲ್ಲ, ಮೊಣಕಾಲ ಹತ್ತಿರ ಸವೆದಿದೆ, ಮುಖಕ್ಕೆ ಯಾರೂ ಇಸ್ತ್ರಿ ಹಾಕಿದಂತಿಲ್ಲ. ಜನ ಅವಳಿಗೆ ಅಂಟಿಸಿದ ಬೆಲೆಚೀಟಿ ಮಾತ್ರ ಮೊದಲಿನಿಂದಲೂ ತಪ್ಪು.

ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ ಅವಳ ಮೇಜು. ಯಂತ್ರಕ್ಕೆ ಜಗ್ಗದ ಕಲೆಗಳೆಲ್ಲ ಅಲ್ಲಿಗೆ ಬರುತ್ತವೆ. ಅವಳು ಬಟ್ಟೆಯನ್ನು ಮೊದಲು ಮೂಸುತ್ತಾಳೆ. ಆಮೇಲೆ ಬಿಳಿ ಚಿಂದಿಯ ಮೇಲೆ ಬೋರಲು ಹಾಕಿ, ಹಿಂಬದಿಯಿಂದ, ಅಂಚಿನಿಂದ ನಡುವಿಗೆ ಒತ್ತುತ್ತ ಹೋಗುತ್ತಾಳೆ. ಗಿರಾಕಿಗಳು ಸುಳ್ಳು ಹೇಳುವುದರಲ್ಲಿ ಗಟ್ಟಿಗರು. ಹೆಂಡ ಚೆಲ್ಲಿಕೊಂಡವನು ಹಣ್ಣಿನ ರಸ ಅನ್ನುತ್ತಾನೆ. ಹಣ್ಣು ಸ್ವಲ್ಪ ಹುಳಿ ಬಂದಿತ್ತೇನೋ ಎಂದಷ್ಟೇ ಹೇಳಿ, ಅವಳು ಸರಿಯಾದ ಬಾಟಲಿಗೆ ಕೈ ಹಾಕುತ್ತಾಳೆ.

ಬೆಳಗಿನಿಂದ ಸಂಜೆಯವರೆಗೆ ಒದ್ದೆ ನೆಲದ ಮೇಲೆ ನಿಂತೇ ಕೆಲಸ. ಮೊಣಕಾಲುಗಳು ರಾತ್ರಿಯೆಲ್ಲ ಮಾತಾಡುತ್ತವೆ ಎಂದು ಅವಳು ಗೊಣಗುವುದುಂಟು. ಮಾಲೀಕ ಪಕ್ಕದ ಬೀದಿಯಲ್ಲಿ ಇನ್ನೊಂದು ಲಾಂಡ್ರಿ ತೆರೆದು, ಹೊಸಬರಿಗೆ ಕಲೆ ತೆಗೆಯುವುದನ್ನು ಹೇಳಿಕೊಡಲು ಒಬ್ಬರು ಬೇಕು ಎಂದಾಗ, ಆ ಕೆಲಸ ತನಗೆ ಕೊಡಿ ಎಂದು ಅಕ್ಕ ಮೊದಲ ಬಾರಿಗೆ ಬಾಯಿಬಿಟ್ಟು ಕೇಳಿದಳು. ಹೇಳಿಕೊಡುವವರಿಗೆ ಅಲ್ಲಿ ಕುರ್ಚಿಯಿತ್ತು. ಅವಳಿಗೆ ಬೇಕಿದ್ದದ್ದು ಅದು.

ಮಾಲೀಕ ಭಕ್ತಿಯಿಂದ ಅವಳಿಗೆ ಕೈ ಮುಗಿಯದಿದ್ದದ್ದೇ ಹೆಚ್ಚು. "ನೋಡಕ್ಕ, ನಿಂದು ರಕ್ತದಲ್ಲೇ ಬಂದಿರೋದು. ನಿಮ್ಮ ಜನಕ್ಕೆ ಹುಟ್ಟಿನಿಂದಲೇ ಕೈ ಪಳಗಿರುತ್ತೆ. ಅದನ್ನ ಇನ್ನೊಬ್ಬರಿಗೆ ಹೇಳಿಕೊಡೋಕಾಗುತ್ತಾ? ಅದಕ್ಕೆ ತಲೆ ಓಡಬೇಕು." ತಲೆ ಓಡುವ ಭಾವಮೈದುನ ಒಬ್ಬ ಅವನ ಮನೆಯಲ್ಲಿ ಖಾಲಿ ಕೂತಿದ್ದ.

ಅಕ್ಕ ಹುಟ್ಟಿದ್ದು ಬಟ್ಟೆ ಒಗೆಯುವವರ ಜಾತಿಯಲ್ಲಿ, ನಿಜ. ಆದರೆ ಅವಳಪ್ಪ ಸಿನಿಮಾ ಟಾಕೀಸಿನಲ್ಲಿ ಟಿಕೆಟ್ ಹರಿಯುತ್ತಿದ್ದ. ತನ್ನ ಅಂಗಿಯನ್ನೂ ತಾನು ಒಗೆದವನಲ್ಲ. ಅವಳು ಈ ಕೆಲಸಕ್ಕೆ ಬಂದದ್ದು ಗಂಡ ಹಾಸಿಗೆ ಹಿಡಿದ ಮೇಲೆ. ಬಂದ ಹೊಸತರಲ್ಲಿ ರಕ್ತದ ಕಲೆಗೆ ಬಿಸಿನೀರು ಹುಯ್ದು, ಅದು ಜನ್ಮಕ್ಕೂ ಹೋಗದ ಹಾಗೆ ಬೇಯಿಸಿಟ್ಟಿದ್ದಳು. ಯಾರದೋ ರೇಷ್ಮೆ ಕುಪ್ಪಸವನ್ನು ಆ್ಯಸಿಡ್ಡಿನಲ್ಲಿ ಜರಡಿ ಮಾಡಿದ್ದಳು. ಬೈಗುಳ ತಿಂದು, ಚಿಂದಿಗಳ ಮೇಲೆ ಕೈ ಪಳಗಿಸಿಕೊಂಡು ಕಲಿತದ್ದು. ಇದನ್ನೆಲ್ಲ ಹೇಳಹೊರಟರೆ ಮಾಲೀಕ ಗಡಿಯಾರ ನೋಡಿದ.

ಸಾಗಣೆಯಲ್ಲಿ ಎಣ್ಣೆ ಬಿದ್ದ ನನ್ನ ಅಂಗಡಿಯ ಮಾಲಿನ ಜೊತೆ ನಾನೂ ಅಲ್ಲೇ ನಿಂತಿದ್ದೆ. ನಮ್ಮ ವಂಶದಲ್ಲಿ ಕರವಸ್ತ್ರ ಒಗೆದವರೂ ಇಲ್ಲ, ನನಗೇ ಕಲಿಸಿ ತೋರಿಸಲಿ ಎಂದು ತಮಾಷೆಗೆ ಅಂದೆ. ಅಕ್ಕ ತಮಾಷೆ ಮಾಡಲಿಲ್ಲ. ಮಧ್ಯಾಹ್ನ ನಿಮ್ಮ ಅಂಗಡಿ ಮುಚ್ಚಿದ ಹೊತ್ತಿಗೆ ಬನ್ನಿ ಎಂದಳು.

ಹೋದೆ. ಮೊದಲ ದಿನವೇ ನನ್ನ ಅಂಗಿಯ ತೋಳಿನ ಬಣ್ಣ ಹಾರಿಸಿದೆ. "ಉಜ್ಜಬೇಡಿ ಸಾಹುಕಾರ್ರೇ, ಒತ್ತಿ. ಅದೇನು ನಿಮ್ಮ ಸಾಲಗಾರನಾ?" ಎಂದಳು. ನನ್ನ ಕಣ್ಣಿಗೆ ಬಟ್ಟೆ ಕಟ್ಟಿ, ಚಿಂದಿ ಮೂಸಿಸಿ, ಯಾವ ಕಲೆ ಎಂದು ಕೇಳುತ್ತಿದ್ದಳು. ತಪ್ಪಿದರೆ ಮತ್ತೆ ಮೂಸಿಸುವಳು. ಅವಳ ಮೊಣಕಾಲು ನಡುಗುವುದು ನನಗೆ ಕಾಣುತ್ತಿತ್ತು. ಪಾಠ ಮಾತ್ರ ನಿಲ್ಲುತ್ತಿರಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ, ಆ ಕುರ್ಚಿ ಇನ್ನೂ ಖಾಲಿ ಇರುವಾಗಲೇ, ಮಾಲೀಕನ ಎದುರಿಗೇ, ತಿಳಿ ಬಣ್ಣದ ಬಟ್ಟೆಯಿಂದ ಹಳೆಯ ಎಣ್ಣೆಯ ಕಲೆಯನ್ನು ಗುರುತೇ ಉಳಿಯದಂತೆ ತೆಗೆದೆ. ಅಕ್ಕ ಮೇಜಿಗೆ ಒರಗಿಕೊಂಡು ಮಾಲೀಕನ ಬಾಯನ್ನೇ ನೋಡುತ್ತಿದ್ದಳು.

"ಏನು ತಲೆ ಸಾರ್ ನಿಮ್ದು!" ಎಂದ ಮಾಲೀಕ. "ಎಷ್ಟು ಬೇಗ ಹಿಡಿದುಬಿಟ್ರಿ!"

ತಲೆ ನನ್ನದಲ್ಲ, ಕಲಿಸಿದವಳದು ಎಂದೆ. ದೊಡ್ಡವರ ವಿನಯವೇ ವಿನಯ ಎಂದು ಅವನು ಇನ್ನಷ್ಟು ಮೆಚ್ಚಿಕೊಂಡ. ಅಕ್ಕ ಚಿಂದಿಗಳನ್ನು ಮಡಚತೊಡಗಿದಳು. "ನನ್ನ ಕೈಲಿದ್ರೆ ರಕ್ತ, ಇವರ ಕೈಗೆ ಹೋದ್ರೆ ತಲೆ," ಎಂದಳು, ಯಾರ ಮುಖವನ್ನೂ ನೋಡದೆ. "ಆಯ್ತು ಬಿಡಿ ಸಾರ್. ನಿಂತೂ ನಿಂತೂ ಸಾಕಾಗಿದೆ."

ಹೊಸ ಲಾಂಡ್ರಿಯ ಕುರ್ಚಿಯಲ್ಲಿ ಭಾವಮೈದುನ ಕೂತ. ಮರುದಿನ ಅಕ್ಕ ಮನೆಯಿಂದ ಒಂದು ಸ್ಟೂಲು ಹೊತ್ತು ತಂದಳು. ಕಾಲಿಗೆ ತಗಡು ಬಡಿದ ಹಳೆಯ ಸ್ಟೂಲು. ಅದನ್ನು ಮೇಜಿನ ಮುಂದಿಟ್ಟು ಕೂತಳು. ಕೂತು ಕೆಲಸ ಮಾಡುವ ಪದ್ಧತಿ ಇಲ್ಲಿಲ್ಲ ಎಂದು ಮಾಲೀಕ ಹೇಳಿ ನೋಡಿದ. ಹಾಗಾದರೆ ಕಲೆಗಳನ್ನೂ ಭಾವಮೈದುನನ ಹತ್ತಿರವೇ ಕಳಿಸಿ ಎಂದಳು. ಅವನು ಗಲ್ಲಾದ ಕಡೆ ಹೊರಟುಹೋದ.

ಈಗ ಬಟ್ಟೆಯನ್ನು ಮುಟ್ಟಿ, ಮೂಸಿ, ಇದು ನೆನೆದ ಮಾಲು, ಇದು ಎಣ್ಣೆ ಕುಡಿದದ್ದು ಎಂದು ಹೇಳಬಲ್ಲೆ. ಪೇಟೆಯಲ್ಲಿ ನನ್ನನ್ನು ಬುದ್ಧಿವಂತ ಅನ್ನುತ್ತಾರೆ. ಆ ಬುದ್ಧಿಯನ್ನು ನನಗೆ ಕೊಟ್ಟವಳು ಲಾಂಡ್ರಿಯ ಅಕ್ಕ.