ಒಂದು ಮನೆಗೆ ಒಂದೇ ತೋಟೆ

ಅಣ್ಣನೂ ನಾನೂ ಅರ್ಧ ಅಂಗುಲಕ್ಕಾಗಿ ಹೆಚ್ಚುಕಮ್ಮಿ ಒಂದು ವರ್ಷ ಜಗಳವಾಡಿದ್ದೇವೆ. ಕೊಡಗಿನವರ ಜಗಳ ಕೋವಿಯ ಸುತ್ತ ಸುತ್ತದೆ ಇನ್ನೆಲ್ಲಿ ಸುತ್ತೀತು ಎಂದು ಅತ್ತಿಗೆ ಈಗಲೂ ಆಡಿಕೊಳ್ಳುತ್ತಾರೆ. ಅವರು ಮೈಸೂರಿನವರು, ಮೊಟ್ಟೆಯನ್ನೂ ಮುಟ್ಟದವರು. ನಮ್ಮ ಮಾಂಸದಡುಗೆ ಏನಿದ್ದರೂ ಅವರ ಮನೆಯ ಗ್ಯಾರೇಜಿನಲ್ಲೇ ಆಗಬೇಕು.

ಅಣ್ಣ ರಿಟೈರಾದ ಇಂಜಿನಿಯರು, ಮನೆ ಕೆನಡಾದ ನ್ಯೂಮಾರ್ಕೆಟ್ಟಿನಲ್ಲಿ. ನಾನು ಮದುವೆಯ ಗೊಡವೆಗೆ ಹೋಗದೆ ಅಲ್ಲೇ ಹತ್ತಿರದ ಮಾರ್ಕಮ್‌ನಲ್ಲಿ ಒಬ್ಬಳೇ ಇದ್ದೆ. ಪ್ರತಿ ಅಕ್ಟೋಬರಿನಲ್ಲಿ ಇಬ್ಬರೂ ಉತ್ತರಕ್ಕೆ ಡ್ರೈವ್ ಮಾಡಿಕೊಂಡು ಮೂಸ್ ಬೇಟೆಗೆ ಹೋಗುವುದು ವಾಡಿಕೆ. ಮೂಸ್ ಎಂದರೆ ನಮ್ಮ ಕಡವೆಯ ಜಾತಿಯದೇ, ಎತ್ತರದಲ್ಲಿ ಮಾತ್ರ ಕುದುರೆಯನ್ನೂ ಮೀರಿಸುವ ಪ್ರಾಣಿ. ಅದು ಸಿಕ್ಕಿದ ವರ್ಷಗಳಿಗಿಂತ ಸಿಗದ ವರ್ಷಗಳೇ ಹೆಚ್ಚು. ಒಂದೇ ಮರಕ್ಕೆ ಬೆನ್ನು ಕೊಟ್ಟು, ಮಾತಿಲ್ಲದೆ, ಫ್ಲಾಸ್ಕಿನ ಕಾಫಿ ಹಂಚಿಕೊಂಡು ಕೂರುತ್ತಿದ್ದೆವಲ್ಲ, ನನಗೆ ಬೇಕಾಗಿದ್ದುದು ಅದು.

೨೦೧೧ರಲ್ಲಿ ನನ್ನ ಬಲ ಎದೆಯ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆದರು. ಆಮೇಲೆ ರೇಡಿಯೇಶನ್. ಅಣ್ಣ ದಿನವೂ ಮಾರ್ಕಮ್‌ಗೆ ಬಂದು, ನನ್ನನ್ನು ಹತ್ತಿಸಿಕೊಂಡು ಆಸ್ಪತ್ರೆಗೆ ಹೋಗಿ, ಮತ್ತೆ ಮನೆಗೆ ಬಿಡುತ್ತಿದ್ದ. ಒಂದು ದಿನವೂ "ಹೇಗಿದೀಯ?" ಎಂದು ಕೇಳಲಿಲ್ಲ. ವೇಟಿಂಗ್ ರೂಮಿನಲ್ಲಿ ಕೋವಿಯ ತೋಟೆಗಳ ಕ್ಯಾಟಲಾಗ್ ಹಿಡಿದು ಕೂತಿರುತ್ತಿದ್ದ. ನಾನು ಸುಸ್ತಾಗಿ ಹೊರಗೆ ಬಂದರೆ, ಯಾವ ಗುಂಡು ಎಷ್ಟು ದೂರಕ್ಕೆ ಎಷ್ಟು ಇಳಿಯುತ್ತದೆ ಎಂದು ಓದಿ ಹೇಳುತ್ತಿದ್ದ. ಒಳ್ಳೆಯ ಅಣ್ಣನನ್ನೇ ಕೊಟ್ಟೆಯಲ್ಲಪ್ಪ ದೇವರೇ ಅಂದುಕೊಳ್ಳುತ್ತಿದ್ದೆ, ಸಿಟ್ಟಿನಲ್ಲಿ.

ಅದುವರೆಗೆ ನಾನು ಬಳಸುತ್ತಿದ್ದುದು ಅವನದೇ ಎರಡನೆಯ ಕೋವಿ. ಅವನ ಎರಡೂ ಕೋವಿಗಳಿಗೆ ಥರ್ಟಿ-ಆಟ್-ಸಿಕ್ಸ್ ಎಂಬ ತೋಟೆ. ಮುಂದಿನ ಬೇಸಿಗೆಯಲ್ಲಿ ಶೂಟಿಂಗ್ ರೇಂಜಿಗೆ ಹೋಗಿ ಅದರಿಂದ ಒಂದೇ ಒಂದು ಗುಂಡು ಹಾರಿಸಿದೆ. ಕೋವಿ ಭುಜಕ್ಕೆ ಒದ್ದ ಏಟು ಆಪರೇಷನ್ನಿನ ಗಾಯದವರೆಗೂ ಇಳಿದು, ಕಣ್ಣಲ್ಲಿ ನೀರು ತುಂಬಿ ಗುರಿಹಲಗೆಯೇ ಕಾಣಲಿಲ್ಲ. ನನ್ನ ಕಾಡು ಇಲ್ಲಿಗೆ ಮುಗಿಯಿತು ಅನ್ನಿಸಿತು. ರೋಗದ ಹೆಸರು ಕೇಳಿದಾಗಲೂ ನಾನು ಅಷ್ಟು ಹೆದರಿರಲಿಲ್ಲ.

ರೇಂಜಿನಲ್ಲಿದ್ದ ಒಬ್ಬರು ತ್ರೀ-ಓ-ಎಯ್ಟ್ ತೋಟೆಯ ಕೋವಿ ನೋಡಿ ಎಂದರು. ಎರಡರದೂ ಗುಂಡಿನ ಗಾತ್ರ ಒಂದೇ. ಎಯ್ಟಿನ ಹಿತ್ತಾಳೆ ಕೊಳವೆ ಮಾತ್ರ ಅರ್ಧ ಅಂಗುಲ ಗಿಡ್ಡ. ಅದರಲ್ಲಿ ಮದ್ದು ಸ್ವಲ್ಪ ಕಡಿಮೆ, ಹಾಗಾಗಿ ಒದೆಯೂ ಸ್ವಲ್ಪ ಕಡಿಮೆ. ಹೊಡೆದು ನೋಡಿದೆ. ನೋವಾಯಿತು, ಆದರೆ ಗುರಿಹಲಗೆ ಕಾಣುತ್ತಿತ್ತು.

ಅಣ್ಣನ ಊಟದ ಮೇಜಿನಲ್ಲಿ ವಿಷಯ ತೆಗೆದೆ. ನಾವಿಬ್ಬರೇ ಇದ್ದರೆ ಕೊಡವ ತಕ್ಕಿನಲ್ಲಿ ಕಿತ್ತಾಡುತ್ತೇವೆ. ಅತ್ತಿಗೆ ಎದುರಿಗಿದ್ದರೆ ಕನ್ನಡ.

"ಎಯ್ಟಿಗೂ ಸಿಕ್ಸಿಗೂ ರಿಕಾಯ್ಲಲ್ಲಿ, ಆ ಒದೆಯಲ್ಲಿ, ಡಿಫರೆನ್ಸು ಏನೂ ಇಲ್ಲ, ಎಲ್ಲ ನಿನ್ನ ತಲೆಯಲ್ಲಿ ಇರೋದು" ಎಂದ ಅಣ್ಣ. "ಸಿಕ್ಸಲ್ಲಿ ಹೆವಿ ಬುಲೆಟ್ ಹಾಕ್ಬಹುದು. ಮೂಸಿಗೆ ಅದೇ ಸರಿ."

"ನಾವು ಕೂರೋ ಜಾಗದಿಂದ ಯಾವುದಾದ್ರೂ ಒಂದೇ. ಯಾವ ತೋಟೆ ಅಂತ ಮೂಸು ಕೇಳ್ತದಾ?"

"ಅಪ್ಪ ಏನು ಹೇಳ್ತಿದ್ರು? ಒಂದು ಮನೆಗೆ ಒಂದೇ ತೋಟೆ. ಕಾಡಲ್ಲಿ ನಿನ್ನ ಜೇಬು ಖಾಲಿ ಆದ್ರೆ ನಾನು ಕೊಡ್ಬೇಕಲ್ಲ?"

"ನನ್ನ ಜೇಬು ನಾನು ನೋಡ್ಕೊಳ್ತೇನೆ" ಎಂದೆ.

ಅತ್ತಿಗೆ ಸಾರಿನ ಪಾತ್ರೆ ಮುಂದೆ ತಳ್ಳಿದರು. "ಪಾಪದ್ ಪ್ರಾಣಿ ಎರಡರಲ್ಲೂ ಸಾಯತ್ತೆ ತಾನೇ? ಊಟ ಮಾಡಿ ಇಬ್ರೂ."

ನಾನು ಎಯ್ಟನ್ನೇ ಕೊಂಡೆ. ಅಣ್ಣ ಮುಖ ಊದಿಸಿಕೊಂಡು ಓಡಾಡಿದ. ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ಬಂತು, ನಾವು ಕೋವಿಗಳಿಗೆ ಪೂಜೆ ಮಾಡುವ ಹಬ್ಬ. ಎಷ್ಟು ಜಗಳವಿದ್ದರೂ ಅವತ್ತು ನನ್ನ ಕೋವಿ ಅಣ್ಣನ ಬೇಸ್‌ಮೆಂಟಿನ ದೇವರ ಮುಂದೆ ಇರಲೇಬೇಕು. ಊರಲ್ಲಿ ಕೋವಿಗೆ ಮುಡಿಸುವ ತೋಕ್‌ಪೂ ಇಲ್ಲಿ ಎಲ್ಲಿಂದ ಬರಬೇಕು, ಅಂಗಳದ ಚೆಂಡುಹೂವನ್ನೇ ಮುಡಿಸಿದೆವು. ಖಾಲಿ ಕೋವಿಗಳನ್ನು ಗೋಡೆಗೆ ಒರಗಿಸಿ, ತೋಟೆಗಳನ್ನು ಅತ್ತಿಗೆಯ ಕೈಗೆ ಕೊಟ್ಟೆವು. ಅವರು ಹಿತ್ತಾಳೆ ತಟ್ಟೆಯಲ್ಲಿ ಒಂದು ಉದ್ದ, ಒಂದು ಗಿಡ್ಡ, ಒಂದು ಉದ್ದ, ಒಂದು ಗಿಡ್ಡ ಜೋಡಿಸಿ ಕಮಲದ ಹಾಗೆ ಮಾಡಿ, ನಡುವೆ ಕುಂಕುಮ ಇಟ್ಟರು. ನೋಡಲು ಎಷ್ಟು ಚೆನ್ನಾಗಿತ್ತೆಂದರೆ ನಾನು ಫೋಟೋ ತೆಗೆದೆ. ಊರಿನ ಮನೆಯಲ್ಲೂ ಎಲ್ಲರ ತೋಟೆ ಒಂದೇ ತಟ್ಟೆಯಲ್ಲಿ ಇರುತ್ತಿತ್ತು. ಆದರೆ ಅಲ್ಲಿದ್ದವೆಲ್ಲ ಒಂದೇ ಅಳತೆಯವು, ಯಾರು ಯಾವುದನ್ನು ಎತ್ತಿಕೊಂಡರೂ ನಡೆಯುತ್ತಿತ್ತು. ಮಂಗಳಾರತಿ ಮುಗಿದಾಗ ಅಣ್ಣನ ಕಣ್ಣು ಒದ್ದೆಯಾಗಿತ್ತು. ಅದೇ ಕಣ್ಣಲ್ಲಿ ತಟ್ಟೆಯ ತೋಟೆಗಳನ್ನು ಬೇರೆ ಮಾಡಿ, ನನ್ನವನ್ನು ನನಗೆ ಕೊಟ್ಟು, ತನ್ನವನ್ನು ಚೀಲಕ್ಕೆ ಸುರಿದುಕೊಂಡ.

ಅಕ್ಟೋಬರಿನಲ್ಲಿ ಹೊರಟೆವು. ಬೆಳಕು ಹರಿದ ಮೇಲೆ ಕಾಡಿನ ಅಂಚಿನಲ್ಲಿ ಅಣ್ಣ ಕೋವಿ ತೆರೆದು ನಿಂತ. ಅವನು ತುಂಬುವಾಗ ತೋಟೆಗಳನ್ನು ಅಂಗೈಯಲ್ಲಿಟ್ಟುಕೊಂಡು ಒಂದೊಂದಾಗಿ ಕೊಡುವುದು ಚಿಕ್ಕಂದಿನಿಂದಲೂ ನನ್ನ ಕೆಲಸ. ಅವನ ಕೈಯಲ್ಲಿ ದಪ್ಪ ಗ್ಲೌಸ್. ನನ್ನ ಬಲಗೈ ಆಪರೇಷನ್ ಆದಮೇಲೆ ಊದಿಕೊಳ್ಳುತ್ತಿತ್ತು, ಗ್ಲೌಸ್ ಹಿಡಿಸುತ್ತಿರಲಿಲ್ಲ. ಬರಿಗೈ ಚಳಿಗೆ ಕಡಿಯುತ್ತಿತ್ತು. ಕೊಡಲು ಹೊರಟ ಎರಡನೆಯ ತೋಟೆ ಬೆರಳಿಗೆ ಗಿಡ್ಡ ಅನ್ನಿಸಿತು. ಕುಂಕುಮ ಅಂಟಿಕೊಂಡಿತ್ತು. ನನ್ನದು, ಹಬ್ಬದ ತಟ್ಟೆಯಿಂದ ಅವನ ಚೀಲಕ್ಕೆ ಬಿದ್ದಿದ್ದು.

ಗಿಡ್ಡ ತೋಟೆ ಉದ್ದ ತೋಟೆಯ ಕೋವಿಯೊಳಗೆ ಹೋಗಿಬಿಡಬಹುದು, ಹಾರಲೂಬಹುದು. ಹಾರಿದರೆ ಹಿತ್ತಾಳೆ ಕೊಳವೆ ಒಳಗೇ ಒಡೆದು, ಮದ್ದಿನ ಬಿಸಿಗಾಳಿ ಹಿಂದಕ್ಕೆ, ಕೆನ್ನೆ ಒತ್ತಿ ಗುರಿ ಹಿಡಿದವನ ಮುಖಕ್ಕೇ ನುಗ್ಗಬಹುದು. ಇದನ್ನು ವೇಟಿಂಗ್ ರೂಮಿನಲ್ಲಿ ನನಗೆ ಓದಿ ಹೇಳಿದವನೂ ಅಣ್ಣನೇ.

ಅಂಗೈ ಮುಂದೆ ಚಾಚಿದೆ. ಅವನು ಬಗ್ಗಿ ನೋಡಿದ. ಗ್ಲೌಸ್ ಬಿಚ್ಚಿ, ಉದ್ದದ್ದನ್ನೂ ಗಿಡ್ಡದ್ದನ್ನೂ ಪಕ್ಕಪಕ್ಕ ಹಿಡಿದು ಮತ್ತೆ ನೋಡಿದ. ಆಮೇಲೆ ಕೋವಿಯನ್ನು ಖಾಲಿ ಮಾಡಿ, ಗಾಡಿಯಲ್ಲಿಟ್ಟು ಬೀಗ ಹಾಕಿ ಬಂದ.

"ಇವತ್ತು ನೀನು ಹೊಡಿ. ನಾನು ಫ್ಲಾಸ್ಕ್ ತರ್ತೇನೆ."

ದಿನವಿಡೀ ಒಂದೇ ಮರಕ್ಕೆ ಒರಗಿ ಕೂತೆವು. ಮೂಸ್ ಬರಲಿಲ್ಲ. ಬಾರದಿದ್ದುದು ನನಗೆ ಹಿತವಾಗಿಯೇ ಇತ್ತು. ಸಂಜೆ ಎದ್ದು ನಿಲ್ಲುವಾಗ ಅವನು ನನ್ನ ಮುಖ ನೋಡದೆ ಕೇಳಿದ, "ತುಂಬ ನೋಯ್ತದಾ ಅದು?" ಆಸ್ಪತ್ರೆಗೆ ಓಡಾಡಿದ ಅಷ್ಟು ದಿನಗಳಲ್ಲಿ ಒಮ್ಮೆಯೂ ಕೇಳದ ಪ್ರಶ್ನೆ.

"ನೋಯ್ತದೆ" ಎಂದೆ. ಅವನು ನನ್ನ ಕೋವಿ ಇಸಿದುಕೊಂಡು ಖಾಲಿ ಮಾಡಿ ಹೆಗಲಿಗೆ ಹಾಕಿಕೊಂಡ.

ಆ ಚಳಿಗಾಲದಲ್ಲಿ ಅವನು ತನ್ನ ಎರಡು ಸಿಕ್ಸ್ ಕೋವಿಗಳನ್ನೂ ಮಾರಿದ್ದು ನನಗೆ ಗೊತ್ತೇ ಇರಲಿಲ್ಲ. ಕೆನಡಾಕ್ಕೆ ಬಂದ ಹೊಸತರಲ್ಲಿ ಕೊಂಡು, ಮಗುವಿನ ಹಾಗೆ ಎಣ್ಣೆ ಹಚ್ಚಿ ಸಾಕಿದ್ದ ಕೋವಿಗಳು. ಮುಂದಿನ ಕೈಲ್‌ಪೊಳ್ದಿಗೆ ಹೋದಾಗ ಅತ್ತಿಗೆ ತಟ್ಟೆಯ ಮುಂದೆ ಕೂತು ಗೊಣಗುತ್ತಿದ್ದರು.

"ಏನ್ರೀ ಇದು, ಎಲ್ಲಾ ಒಂದೇ ಸೈಜು! ಹೋದ್ವರ್ಷದ್ ಥರ ಹೂವಿನ್ ಶೇಪೇ ಬರ್ತಿಲ್ಲ."

ಗೋಡೆಗೆ ಒರಗಿದ್ದ ಎರಡು ಕೋವಿಗಳನ್ನು ಆಗ ಸರಿಯಾಗಿ ನೋಡಿದೆ. ನನ್ನದೂ ಅವನದೂ, ಎರಡೂ ಎಯ್ಟ್. ಅಣ್ಣ ಬತ್ತಿ ಹೊಸೆಯುತ್ತ ತಲೆ ತಗ್ಗಿಸಿಯೇ ಇದ್ದ. ಪೂಜೆ ಮುಗಿದ ಮೇಲೆ ತಟ್ಟೆಗೆ ಕೈ ಹಾಕಿ, ಕಣ್ಣಳತೆಯಲ್ಲೇ ಎರಡು ಪಾಲು ಮಾಡಿ, ದೊಡ್ಡ ಪಾಲನ್ನು ನನ್ನ ಊದಿದ ಕೈಗೆ ಸುರಿದ.

"ನಂದು ಮುಗಿದ್ರೆ ನೀನು ಕೊಡ್ಬೇಕು" ಎಂದ.

"ಕೊಡ್ತೇನೆ ಬಿಡು" ಎಂದೆ. ಪಂದಿ ಕರಿ ತಳ ಹಿಡೀತದೆ ಎಂದು ಹೇಳಿ ಗ್ಯಾರೇಜಿಗೆ ಓಡಿಬಿಟ್ಟೆ.